ಇಂಜಿನ್ನಿನ ಮೇಲಿನ ಗೀರುಗಳು

ನನ್ನ ಕೈ ಸುಮ್ಮನೆ ಇರುವ ಜಾತಿಯದಲ್ಲ. ಮಂಕಾದದ್ದು ಏನು ಕಂಡರೂ ಉಜ್ಜಬೇಕು. ಮನೆಯಲ್ಲಿ ನಾನ್‌ಸ್ಟಿಕ್ ತವೆಯನ್ನೂ ಸ್ಟೀಲ್ ಜುಂಗಿನಿಂದ ಉಜ್ಜಿ ಹಾಳು ಮಾಡಿದವ ನಾನು. ಹೆಂಡತಿ ಲೀಲಾಕ್ಷಿ ಎರಡು ದಿನ ಮಾತು ಬಿಟ್ಟಿದ್ದಳು. ತವೆಯಾದರೆ ನಾವಿರುವ ಅಲ್ ಮನ್ಸೂರಾದ ಯಾವುದಾದರೂ ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಈ ಸಲ ನಾನು ಉಜ್ಜಿ ಹಾಕಿದ್ದು ಎಲ್ಲೂ ಸಿಗುವಂಥದ್ದಲ್ಲ.

ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಗ್ಯಾರೇಜು. ಮಾಲೀಕರು ಅಬು ಜಾಸಿಮ್. ನಾವೆಲ್ಲ ಅವರನ್ನು ಅರ್ಬಾಬ್ ಎನ್ನುತ್ತೇವೆ. ನನ್ನನ್ನು ಇಲ್ಲಿಗೆ ಕರೆಸಿದ್ದು ಬೋಜ ಮಾವ, ನನ್ನ ಅಮ್ಮನ ತಮ್ಮ. ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಬಾಯಿ ಮುಚ್ಚಿಕೊಂಡು ಬೈಸಿಕೊಳ್ಳುವುದರ ತನಕ ಎಲ್ಲ ಕಲಿಸಿದ್ದು ಅವರೇ. ಎರಡನೆಯದನ್ನು ನಾನು ಸರಿಯಾಗಿ ಕಲಿಯಲಿಲ್ಲ, ಅದು ಬೇರೆ ಮಾತು.

ಗ್ಯಾರೇಜಿನ ಒಳಕೋಣೆಯಲ್ಲಿ ಬಟ್ಟೆ ಹೊದ್ದುಕೊಂಡು ಒಂದು ಕೆಂಪು ಶೆವೆಲ್ ನಿಂತಿದೆ. ದೊಡ್ಡ ಇಂಜಿನ್ನಿನ ಹಳೆಯ ಅಮೆರಿಕನ್ ಗಾಡಿ, ಮಸಲ್ ಕಾರ್ ಎನ್ನುತ್ತಾರಲ್ಲ, ಆ ಪೈಕಿ. ಅರ್ಬಾಬರ ತಂದೆ ಹೊಸದರಲ್ಲೇ ತರಿಸಿದ್ದಂತೆ. ಸ್ಟಾರ್ಟ್ ಮಾಡಿದರೆ ತಗಡಿನ ಮಾಡು ಪೂರ್ತಿ ನಡುಗುತ್ತದೆ. ಅರ್ಬಾಬ್ ಕಣ್ಣು ಮುಚ್ಚಿ ಕೇಳುತ್ತಾ, ನನ್ನ ಅಪ್ಪ ಕೇಳಿದ ಸದ್ದೇ ಇದು ಎನ್ನುತ್ತಿದ್ದರು. ಆ ಕೋಣೆಯ ಬೀಗಕ್ಕೂ ಗಾಡಿಗೂ ಸೇರಿದ ಕೀಲಿಗೊಂಚಲು ಇದ್ದದ್ದು ಇಬ್ಬರ ಬಳಿ ಮಾತ್ರ, ಅವರಲ್ಲಿ ಮತ್ತು ಬೋಜ ಮಾವನಲ್ಲಿ. ಈ ನವೆಂಬರಿಗೆ ಮಾವ ಕೆಲಸ ಬಿಟ್ಟು ಊರಿಗೆ ಹೊರಡುವುದಿತ್ತು. ಬೋಜನನ್ನು ಇದೇ ಗಾಡಿಯಲ್ಲಿ ಕೂರಿಸಿ ನಾನೇ ಏರ್‌ಪೋರ್ಟಿಗೆ ಬಿಡುತ್ತೇನೆ ಎಂದು ಅರ್ಬಾಬ್ ಎಲ್ಲರೆದುರು ಹೇಳಿದ್ದರು. ಅವತ್ತು ಮಾವ ನಾಚಿಕೊಂಡು ಸಿಂಕಿನ ಹತ್ತಿರ ಹೋಗಿ, ತೊಳೆದ ಕೈಯನ್ನೇ ಮತ್ತೆ ತೊಳೆದರು.

ಇನ್ನು ನನ್ನ ಘನಕಾರ್ಯ. ಆಯುಧಪೂಜೆಯ ಹೊತ್ತಿಗೆ ಎಣ್ಣೆ ಸೋರುತ್ತಿದೆ ಎಂದು ಶೆವೆಲ್‌ನ ಇಂಜಿನ್ನನ್ನು ಹೊರಗೆ ತೆಗೆದಿದ್ದೆವು. ಇಲ್ಲಿ ನಮ್ಮ ಪೂಜೆ ಎಂದರೆ ಗಲಾಟೆ ಏನಿಲ್ಲ. ಶುಕ್ರವಾರ ರಜೆ, ಹತ್ಯಾರಗಳನ್ನೆಲ್ಲ ತೊಳೆದು ಒರೆಸಿ, ಬಾಗಿಲು ಮುಚ್ಚಿ, ಲೀಲಾಕ್ಷಿ ಕಟ್ಟಿಕೊಟ್ಟ ಕುಂಕುಮ ಇಡುವುದು, ಅವಲಕ್ಕಿ ತಿನ್ನುವುದು. ಮಾವ ತೆಂಗಿನಕಾಯಿ ತರಲು ಹೋಗಿದ್ದರು. ಇಷ್ಟು ದೊಡ್ಡ ಇಂಜಿನ್ನಿಗೆ ಕುಂಕುಮ ಇಡದೆ ಬಿಡುವುದೇ? ಬೊಟ್ಟು ಎಲ್ಲಿ ಇಡಲಿ ಎಂದು ನೋಡಿದೆ. ಮುಂಭಾಗದಲ್ಲಿ ನಂಬರ್ ಒತ್ತಿದ ಒಂದು ಸಣ್ಣ ಚಪ್ಪಟೆ ಜಾಗ, ಹಳೇ ಪೇಂಟು, ತುಕ್ಕು. ದೇವರ ಹಣೆಯ ಹಾಗೆ ಕಂಡಿತು ನನಗೆ. ಎಮರಿ ಪೇಪರ್ ತಗೊಂಡು ಉಜ್ಜಿದೆ. ಸಾಲದು ಅನಿಸಿತು, ಮೆಷಿನ್ನಿಗೆ ಡಿಸ್ಕ್ ಹಾಕಿ ಉಜ್ಜಿದೆ. ಆಳವಾಗಿ ಒತ್ತಿದ್ದ ನಂಬರು ಹಾಗೇ ಉಳಿದು, ಸುತ್ತಲೂ ಕನ್ನಡಿಯಂತೆ ಹೊಳೆಯಿತು. ಆ ಜಾಗ ಮುಚ್ಚುವಷ್ಟು ದೊಡ್ಡ ಬೊಟ್ಟು ಇಟ್ಟು ಕೈ ಮುಗಿದೆ. ಮರುದಿನ ನಾನೇ ಕುಂಕುಮ ಒರೆಸಿ ಪೇಂಟ್ ಹೊಡೆದೆ, ಇಂಜಿನ್ ಒಳಗೆ ಕೂತಿತು.

ಮಾವ ಹೊರಡಲು ವಾರವಿರುವಾಗ, ಅರ್ಬಾಬ್ ಶೆವೆಲ್ ಇಡಬೇಕೆಂದಿದ್ದ ಹಳೇ ಗಾಡಿಗಳ ಪ್ರದರ್ಶನದವರು ಸ್ಯಾಮ್ಯುಯೆಲ್ ಎಂಬ ಪರೀಕ್ಷಕನನ್ನು ಕಳಿಸಿದರು. ಗಾಡಿಯಲ್ಲಿರುವುದು ಕಂಪನಿಯಿಂದ ಅದರೊಟ್ಟಿಗೇ ಬಂದ ಇಂಜಿನ್ನೇ ಎಂದು ಖಾತ್ರಿಯಾದರೆ ಮಾತ್ರ ಮುಂದಿನ ಸಾಲಿನಲ್ಲಿ ಜಾಗ. ಆತ ಚಪ್ಪಟೆ ಜಾಗದ ಪೇಂಟನ್ನು ದ್ರಾವಣ ಹಚ್ಚಿ ತೆಗೆದು, ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದ. ಬಹಳ ಹೊತ್ತು ನೋಡಿದ. ನಂಬರ್ ಸರಿಯಾಗಿದೆ ಎಂದ. ನಾವು ಉಸಿರು ಬಿಡುವುದರೊಳಗೆ, ಆದರೆ ಇದು ಮೂಲ ಇಂಜಿನ್ ಎಂದು ಬರೆದುಕೊಡಲಾರೆ ಎಂದ.

ಕಾರಣವನ್ನೂ ಬಿಡಿಸಿ ಹೇಳಿದ. ಕಾರ್ಖಾನೆಯಲ್ಲಿ ಆ ಜಾಗವನ್ನು ಹೆರೆದು ಚಪ್ಪಟೆ ಮಾಡುವಾಗ ಉದ್ದಕ್ಕೂ ಕೂದಲಿನಂಥ ಗೀರುಗಳು ಬೀಳುತ್ತವೆ. ನಂಬರನ್ನು ಅವುಗಳ ಮೇಲೆ ಒತ್ತಿರುತ್ತಾರೆ. ಬೇರೆ ಇಂಜಿನ್ ತಂದು ಕೂರಿಸುವ ಕಳ್ಳರು ಅದರ ನಂಬರನ್ನು ಉಜ್ಜಿ ತೆಗೆದು, ಗಾಡಿಗೆ ಹೊಂದುವ ನಂಬರ್ ಒತ್ತುತ್ತಾರೆ. ಆಗ ಗೀರು ಮಾಯ. ಇಲ್ಲಿ ಒಂದೇ ಒಂದು ಗೀರಿಲ್ಲ, ಯಾರೋ ಉಜ್ಜಿದ್ದಾರೆ ಎಂದ.

ಯಾರೋ! ನಾನು ಅವನ ಬೆನ್ನ ಹಿಂದೆಯೇ ನಿಂತಿದ್ದೆ.

ಅರ್ಬಾಬ್ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಹೆದರಿ ಬಡಬಡಿಸಿಬಿಡುತ್ತಿದ್ದೆನೋ ಏನೋ. ಅವರು ಬೋಜ ಮಾವನನ್ನು ಒಂದು ಸಲ ನೋಡಿದರು, ಅಷ್ಟೇ. ಹಿಂದೆ ಅವರು ಆಪರೇಷನ್ನಿಗೆ ವಿದೇಶಕ್ಕೆ ಹೋಗಿದ್ದಾಗ ಗಾಡಿ ಪೂರ್ತಿ ಮಾವನ ಕೈಯಲ್ಲೇ ಇತ್ತು. ಆ ಲೆಕ್ಕಾಚಾರವೆಲ್ಲ ಅವರ ಮುಖದಲ್ಲಿ ನಡೆಯುವುದು ನಮಗೆ ಕಾಣುತ್ತಿತ್ತು. ಮಾವ ಬಗ್ಗಿ ಇಂಜಿನ್ನಿನ ಹತ್ತಿರ ಮುಖ ಇಟ್ಟು ನೋಡಿದರು. ಮೆಲ್ಲಗೆ ಎದ್ದು, ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟು, ನಾನು ಇಂಜಿನ್ ಬದಲಿಸಲಿಲ್ಲ ಎಂದು ಒಂದೇ ಸಲ ಹೇಳಿ ಹೊರಗೆ ಹೋದರು.

ನಾನು ಬಾಯಿ ಬಿಡಲಿಲ್ಲ. ಬೇಕಾದಷ್ಟು ನೆವ ಇತ್ತು ನನಗೆ. ಮಗಳು ಗ್ರೀಷ್ಮಾಳನ್ನು ಇಲ್ಲಿಯ ಶಾಲೆಗೆ ಸೇರಿಸಿ ಇನ್ನೂ ವರ್ಷವಾಗಿಲ್ಲ. ಕೆಲಸದಿಂದ ತೆಗೆದರೆ? ಮಾವ ಹೇಗೂ ಹೊರಡುವವರು, ಅವರಿಗೇನು ನಷ್ಟ? ಥೂ ನನ್ನ ಜನ್ಮಕ್ಕೆ! ಇಡೀ ಆಯುಷ್ಯ ಇಲ್ಲಿ ಸವೆಸಿ ಆ ಮನುಷ್ಯ ಒಯ್ಯುವುದಿದ್ದದ್ದು ಒಳ್ಳೆಯ ಹೆಸರೊಂದನ್ನೇ, ಅದನ್ನೇ ಏನು ನಷ್ಟ ಎಂದು ಕೇಳಿದೆ. ನಾಳೆ ಹೇಳುತ್ತೇನೆ ಎಂದುಕೊಂಡೆ. ಆ ವಾರವಿಡೀ ನಾಳೆಯೇ ಆಯಿತು. ಅರ್ಬಾಬ್ ಗ್ಯಾರೇಜಿಗೆ ಬರುವುದನ್ನೇ ಬಿಟ್ಟರು. ಏರ್‌ಪೋರ್ಟಿನ ಮಾತು ಯಾರೂ ಎತ್ತಲಿಲ್ಲ. ಮಾವ ತಮ್ಮ ಹತ್ಯಾರಗಳನ್ನು ಒಂದೊಂದಾಗಿ ಒರೆಸಿ ನನ್ನ ಪೆಟ್ಟಿಗೆಗೆ ಹಾಕುತ್ತಿದ್ದರು, ನಾನು ಅತ್ತ ನೋಡದೆ ಟೈರ್ ಬಿಚ್ಚುತ್ತಿದ್ದೆ.

ಮಾವ ಹೊರಡುವ ದಿನ ಬೆಳಿಗ್ಗೆ ತಡೆಯಲಾಗಲಿಲ್ಲ. ನೇರ ಅರ್ಬಾಬರ ಮನೆಗೆ ಹೋದೆ. ಗಾವಾ, ಅಂದರೆ ಅವರ ಅರಬಿ ಕಾಫಿ, ಕೊಟ್ಟು ಕೂರಲು ಹೇಳಿದರು. ಕೂರದೆ ನಿಂತುಕೊಂಡೇ ಎಲ್ಲ ಹೇಳಿದೆ, ನನಗೆ ಬರುವ ಹರಕು ಅರಬಿಯಲ್ಲಿ, ಹಿಂದಿಯಲ್ಲಿ. ನಮ್ಮ ಪೂಜೆ, ಕುಂಕುಮ, ಡಿಸ್ಕು. ಉಜ್ಜಿದ್ದು ನಾನು, ಇಂಜಿನ್ ನಿಮ್ಮ ತಂದೆಯದೇ, ಬೋಜ ಮಾವ ಏನೂ ಮಾಡಿಲ್ಲ ಎಂದೆ. ಅವರು ಕೊನೆಯ ತನಕ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಹಾಗಾದರೆ ಆ ದಿನವೇ ಯಾಕೆ ಹೇಳಲಿಲ್ಲ?"

ಹೆದರಿದೆ ಎಂದು ಹೇಳಬಹುದಿತ್ತು. ಒಂದೇ ಒಂದು ಮಾತು. ಅದನ್ನು ಬಿಟ್ಟು ತಲೆ ತಗ್ಗಿಸಿ ಗಾವಾದ ಲೋಟ ನೋಡುತ್ತಾ ನಿಂತೆ. ಅವರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಖಲಾಸ್, ಲತೇಶ್. ಮಾವನಿಗೋಸ್ಕರ ತಪ್ಪನ್ನು ನಿನ್ನ ಮೇಲೆ ಹಾಕಿಕೊಳ್ಳುತ್ತಿದ್ದೀ, ನನಗೆ ಗೊತ್ತಾಗುತ್ತದೆ. ನೀನು ಒಳ್ಳೆಯವನು. ಬೋಜನನ್ನು ನಾನು ಕ್ಷಮಿಸಿದ್ದೇನೆ. ಇನ್ನು ಮುಂದೆ ಗಾಡಿ ನೀನೇ ನೋಡಿಕೋ."

ಹೇಳಿ ಶೆವೆಲ್‌ನ ಕೀಲಿಗೊಂಚಲನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಅಲ್ಲ, ಸುಳ್ಳಲ್ಲ, ಕೇಳಿ ಎಂದು ಮತ್ತೆ ಹೇಳಿದೆ. ಎಷ್ಟು ಹೇಳಿದೆನೋ ಅಷ್ಟು ಅವರ ಕಣ್ಣಲ್ಲಿ ನಾನು ದೊಡ್ಡವನಾಗುತ್ತಾ ಹೋದೆ. ಕೊನೆಗೆ ಕೀಲಿ ಹಿಡಿದುಕೊಂಡೇ ಬಂದೆ.

ಮಾವನನ್ನು ಗ್ಯಾರೇಜಿನ ಪಿಕಪ್ಪಿನಲ್ಲೇ ಏರ್‌ಪೋರ್ಟಿಗೆ ಬಿಟ್ಟೆ. ದಾರಿಯುದ್ದಕ್ಕೂ ಅವರು ಸೇತುವೆಗಳನ್ನು ನೋಡುತ್ತಾ, ನಾನು ಬಂದಾಗ ಇದೆಲ್ಲ ಬರೀ ಮರಳು ಎನ್ನುತ್ತಿದ್ದರು. ಪೆಟ್ಟಿಗೆಗಳನ್ನು ಟ್ರಾಲಿಗೆ ಏರಿಸಿದ ಮೇಲೆ ನನ್ನ ಕಡೆ ತಿರುಗಿದರು.

"ನೀನು ಉಜ್ಜಿದ ಜಾಗ ಉಂಟಲ್ಲ, ಅದಕ್ಕೆ ಎಣ್ಣೆ ಹಚ್ಚು ಮಾರಾಯ. ಪೇಂಟ್ ತೆಗೆದಿದ್ದಾರೆ, ತುಕ್ಕು ಹಿಡೀತದೆ."

"ನಿಮ್ಗೆ ಗೊತ್ತಿತ್ತಾ ಮಾವ?"

"ಪಕ್ಕದ ಬೋಲ್ಟಿನ ಸಂದಿಯಲ್ಲಿ ಕುಂಕುಮ ಇತ್ತಲ್ಲ. ಅವ ಪರೀಕ್ಷೆ ಮಾಡಿದ ದಿನವೇ ನೋಡಿದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತಿ ಅಂತ ಕಾದೆ."

"ಹೇಳಿದೆ ಮಾವ. ಇವತ್ತು ಬೆಳಿಗ್ಗೆ ಹೋಗಿ ಹೇಳಿದೆ. ಅವ್ರು ನಂಬ್ಲಿಲ್ಲ."

"ಗೊತ್ತು. ಆಮೇಲೆ ಅರ್ಬಾಬ್ ನಂಗೆ ಫೋನ್ ಮಾಡಿದ್ರು. ಬೋಜ, ನಿನ್ನನ್ನು ಕ್ಷಮಿಸಿದ್ದೇನೆ, ಆರಾಮಾಗಿ ಹೋಗು ಅಂದ್ರು. ನಿನ್ನ ಅಳಿಯ ಬಂಗಾರದಂಥವ ಅಂದ್ರು." ಮಾವ ಟ್ರಾಲಿಯ ಹಿಡಿಯನ್ನು ಸರಿಯಾಗಿ ಹಿಡಿದುಕೊಂಡರು. "ನಾನು ಎರಡಕ್ಕೂ ಹೌದು ಅಂದೆ."

ಗಾಜಿನ ಬಾಗಿಲು ತೆರೆದುಕೊಂಡಿತು, ಅವರು ಒಳಗೆ ಹೋದರು. ನಾನು ಗ್ಯಾರೇಜಿಗೆ ಬಂದು, ನನ್ನದೇ ಕೀಲಿಯಿಂದ ಒಳಕೋಣೆ ತೆಗೆದು, ಆ ಜಾಗಕ್ಕೆ ಎಣ್ಣೆ ಹಚ್ಚಿದೆ.