ಎತ್ತಿ ಹಿಡಿದ ಬೆರಳು

ವಿದ್ಯಾರಣ್ಯಪುರಂನ ಆ ಮನೆಗೆ ಹೊಸ ಸಿಡಿ ಪ್ಲೇಯರು ಬಂದ ಭಾನುವಾರ ಪುಟ್ಟಬಸಮ್ಮ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಮೇಲೊಂದು ಕನಕಾಂಬರ ಇಟ್ಟಳು. ಅಷ್ಟಕ್ಕೇ ಬಿಡದೆ ಊದುಬತ್ತಿ ಬೆಳಗಲು ಹೊರಟಾಗ ಗಂಡ ರುದ್ರಸ್ವಾಮಿ ರೇಗಿದ.

"ಹೊಗೆ ಒಳಕ್ಕೆ ಹೋದ್ರೆ ಏನ್ಗತಿ? ಅದು ದೇವ್ರಲ್ಲ ಕಣೆ, ವಾಲ್ವಿನ ಪ್ಲೇಯರು."

"ಒಳಗೆ ದೀಪ ಉರೀತಾ ಅದಲ್ಲ, ಮತ್ತೆ?" ಎಂದಳು ಆಕೆ.

ಉರಿಯುತ್ತಿದ್ದದ್ದು ನಿಜ. ಆ ಡಬ್ಬಿಯ ನೆತ್ತಿಯ ಮೇಲೆ, ಜಾಲರಿಯೊಳಗೆ, ಎರಡು ಗಾಜಿನ ವಾಲ್ವುಗಳು ಕೆಂಪಗೆ ಕಾಯುತ್ತಿದ್ದವು. ಸ್ವಿಚ್ಚು ಒತ್ತಿದ ಕೂಡಲೇ ಹಾಡುವ ಜಾಯಮಾನ ಅದರದ್ದಲ್ಲ. ಅದರ ಮರ್ಜಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ರುದ್ರಸ್ವಾಮಿಗೆ ಅದೇ ಇಷ್ಟವಾಯಿತು. ಅವನಪ್ಪನ ಕಾಲದ ರೇಡಿಯೋ ಕೂಡ ಹೀಗೇ ಬೆಚ್ಚಗಾದ ಮೇಲೆ ಬಾಯಿ ಬಿಡುತ್ತಿತ್ತು.

ವರ್ಷದಿಂದೀಚೆಗೆ ಅವನಿಗೆ ಯಾವ ಸಿಡಿಯೂ ರುಚಿಸುತ್ತಿರಲಿಲ್ಲ. ಹಾಡುವವರ ಮೇಲೆ ಯಾರೋ ಕಂಬಳಿ ಹೊದಿಸಿದ ಹಾಗೆ ಎಲ್ಲವೂ ಮಂಕು. "ಈ ಸಿಡಿಗಳ ಹಣೆಬರಹವೇ ಇಷ್ಟು" ಎಂದು ತೀರ್ಮಾನಿಸಿಬಿಟ್ಟಿದ್ದ. ದೇವರಾಜ ಮೊಹಲ್ಲಾದಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ಮರಿಯಯ್ಯ, ವಾಲ್ವಿನದಾದರೆ ಹಳೆಯ ಇಂಪು ವಾಪಸು ಬರುತ್ತದೆ ಎಂದದ್ದೇ ತಡ, ತರಿಸಿಕೊಡು ಎಂದು ಗಂಟುಬಿದ್ದ. ತನ್ನ ಕಿವಿಯನ್ನೇ ಒಮ್ಮೆ ಅನುಮಾನಿಸಿ ನೋಡೋಣ ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಅವನ ಕಸುಬು ನಿಂತಿದ್ದದ್ದೇ ಕಿವಿಯ ಮೇಲೆ.

ರುದ್ರಸ್ವಾಮಿ ವೀಣೆಗೆ ಮೇಳ ಕಟ್ಟುವವನು. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ, ಮೆತ್ತಗಿರುವಾಗಲೇ ತಂತಿ ಒತ್ತುವ ಹಿತ್ತಾಳೆಯ ಮೆಟ್ಟಿಲುಗಳನ್ನು ಅದರಲ್ಲಿ ಕೂರಿಸಬೇಕು. ಒಂದೊಂದನ್ನೂ ಮೀಟಿ, ಕೇಳಿ, ಕೂದಲೆಳೆಯಷ್ಟು ಆಚೀಚೆ ಸರಿಸಿ ಸ್ವರಕ್ಕೆ ನಿಲ್ಲಿಸಬೇಕು. ಮೈಸೂರಿನಲ್ಲಿ ಎಷ್ಟೋ ಮನೆಗಳ ವೀಣೆಗಳು ಅವನ ಕೈಯಲ್ಲೇ ಸ್ವರ ಕಲಿತಿದ್ದವು. ಹಿತ್ತಾಳೆಯನ್ನು ಅರದಿಂದ ಉಜ್ಜುವಾಗ ಓಣಿಯ ನಾಯಿಗಳೂ ಎದ್ದು ದೂರ ಹೋಗುವಂಥ ಕಿರುಚಾಟ ಹೊರಡುತ್ತಿತ್ತು. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಹೆಂಡತಿ ಗೋಗರೆದರೆ, "ಹತ್ತಿ ಇಟ್ಕೊಂಡು ಮೇಳ ಕಟ್ಟೋಕಾಯ್ತದೇನೆ?" ಎಂದು ನಗುತ್ತಿದ್ದ. ಮೂವತ್ತು ವರ್ಷ ಹಾಗೇ ನಗುತ್ತಲೇ ಕಳೆದ.

ಕೆಲಸ ಮುಗಿದ ವೀಣೆಯನ್ನು ಪರೀಕ್ಷಿಸಲು ಅವನದೊಂದು ಪದ್ಧತಿಯಿತ್ತು. ತಂತಿ ಮೀಟಿ ತೋರುಬೆರಳು ಎತ್ತುವುದು, ನಾದ ಪೂರ್ತಿ ಅಡಗುವ ತನಕ ಇಳಿಸದಿರುವುದು. ಮಗಳು ಲಾಸ್ಯ ಚಿಕ್ಕವಳಿದ್ದಾಗ ಎದುರಿಗೆ ಕೂತು ತಾನೂ ಬೆರಳೆತ್ತುತ್ತಿದ್ದಳು. ಅವಳ ಬೆರಳು ಇಳಿದು, ಅವಳಿಗೆ ಆಕಳಿಕೆ ಬಂದರೂ ಅಪ್ಪನ ಬೆರಳು ಮೇಲೇ ಇರುತ್ತಿತ್ತು. "ಸುಳ್ಳು, ಸುಳ್ಳು" ಎಂದು ಅವಳು ಕಿರುಚುತ್ತಿದ್ದಳು. ಈಗ ಅವಳು ಬಿ.ಎಸ್ಸಿ. ಓದುವ ಹುಡುಗಿ, ಆ ಆಟ ನಿಂತು ಎಷ್ಟೋ ಕಾಲವಾಗಿತ್ತು.

ಅಂದು ಚಾಪೆಯ ಮೇಲಿದ್ದದ್ದು ವೀಣೆ ಮೇಷ್ಟ್ರು ವೆಂಕಟಸುಬ್ಬಯ್ಯನವರ ವೀಣೆ. ಮೇಲಿನ ಸ್ಥಾಯಿಯ ಮೆಟ್ಟಿಲುಗಳು ಸ್ವರ ತಪ್ಪಿವೆ ಎಂದು ಅವರು ಅದನ್ನು ಎರಡು ಸಲ ಹಿಂದಕ್ಕೆ ತಂದಿದ್ದರು. ಎರಡನೆಯ ಸಲ ರುದ್ರಸ್ವಾಮಿ ತಾಳ್ಮೆಗೆಟ್ಟು, "ಮೊದ್ಲು ನಿಮ್ ಕಿವಿ ತೋರಿಸ್ಕೊಳ್ಳಿ ಮೇಷ್ಟ್ರೇ" ಎಂದುಬಿಟ್ಟಿದ್ದ. ಆ ಹಿರಿಯರು ಮುಖ ಸಣ್ಣದು ಮಾಡಿಕೊಂಡು ಹೋಗಿದ್ದರು. ನಾಳೆ ಬಂದು ವೀಣೆ ಒಯ್ಯುವವರಿದ್ದರು. ಈ ಸಲವೂ ತಪ್ಪಾದರೆ ಊರಿನ ಇನ್ನೊಂದು ವೀಣೆ ಈ ಹೊಸಿಲು ದಾಟುವುದಿಲ್ಲ ಎಂದು ರುದ್ರಸ್ವಾಮಿಗೆ ಗೊತ್ತಿತ್ತು. ಆದರೆ ತಪ್ಪು ತನ್ನದಲ್ಲ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ.

ವಾಲ್ವು ಕಾದ ಮೇಲೆ ಪಿಟೀಲಿನ ಸಿಡಿಯೊಂದನ್ನು ಹಾಕಿದ. ಮೃದಂಗದ ಎಡಗೈ ಗುಮುಕು ನೇರ ಎದೆಗೇ ಬಂದು ತಟ್ಟಿತು. ಪಿಟೀಲಿನಲ್ಲಿ ಕರ್ಕಶ ಎನ್ನುವುದೇ ಇಲ್ಲ, ಹದವಾಗಿ ಕಾಸಿದ ತುಪ್ಪದ ಹಾಗೆ ಇಳಿಯುತ್ತಿತ್ತು. ಅವನ ಕಣ್ಣು ತುಂಬಿಬಂತು.

"ಕೇಳಮ್ಮ, ಕೇಳು. ಸ್ವರ ಸ್ವರದ ನಡುವೆ ಎಷ್ಟು ನಿಶ್ಶಬ್ದ ನೋಡು. ಒಂಚೂರು ಗದ್ದಲ ಇಲ್ಲ."

ಲಾಸ್ಯ ಹುಬ್ಬು ಗಂಟು ಹಾಕಿಕೊಂಡು ಒಂದು ಕಿವಿಗೆ ಬೆರಳು ಇಟ್ಟುಕೊಂಡಿದ್ದಳು. "ಅಪ್ಪಾಜಿ, ಆ ಶಿಳ್ಳೆ ಸಿಡಿಯಲ್ಲೇ ಇರೋದಾ?"

"ಯಾವ ಶಿಳ್ಳೆ?"

"ಕೀ ಅಂತಿದೆಯಲ್ಲ."

ಅವನು ಸಿಡಿ ನಿಲ್ಲಿಸಿದ. ಕೋಣೆ ಅವನ ಪಾಲಿಗೆ ತಣ್ಣಗಾಯಿತು. "ಈಗ?"

"ಈಗ್ಲೂ ಇದೆ."

ಅಷ್ಟರಲ್ಲಿ ಅಡುಗೆಮನೆಯಿಂದ ಪುಟ್ಟಬಸಮ್ಮನ ದನಿ ಬಂತು. "ಅದೇನ್ರೀ ಅದು ಒಂದೇ ಸಮ ಕಿರುಚ್ತಾ ಅದೆ, ತಲೆ ಚಿಟ್ಟು ಹಿಡೀತು. ಆರ್ಸ್ಬುಡಿ ಅತ್ಲಾಗೆ."

ರುದ್ರಸ್ವಾಮಿ ಬಗ್ಗಿ ಜಾಲರಿಗೆ ಕಿವಿ ಕೊಟ್ಟ. ವಾಲ್ವಿನ ಬಿಸಿ ಕಿವಿಯ ಹಾಲೆಗೆ ತಾಗಿತು, ಬೇರೇನೂ ತಾಗಲಿಲ್ಲ. ತಾಯಿ ಮಗಳು ಸೇರಿಕೊಂಡು ತನ್ನನ್ನು ಆಡಿಸುತ್ತಿದ್ದಾರೆ ಎಂದು ಕೋಪ ಉಕ್ಕಿತು. ಇಬ್ಬರ ಬಾಯಿಯನ್ನೂ ಒಂದೇ ಸಲಕ್ಕೆ ಮುಚ್ಚಿಸುವ ಹಟದಿಂದ ಮರಿಯಯ್ಯನ ಮನೆಗೆ ಫೋನು ಮಾಡಿ, ರಿಸೀವರನ್ನು ಪ್ಲೇಯರಿನ ಹತ್ತಿರ ಹಿಡಿದ.

"ಏನಾದ್ರೂ ಕೇಳ್ತಾ ಅದೇನಯ್ಯ?"

"ಅಯ್ಯೋ, ಫೋನಲ್ಲೇ ಕೇಳ್ತಾ ಅದಲ್ಲ ಸ್ವಾಮೇರೆ! ಕೆಟ್ಟ ವಾಲ್ವು ಬಂದ್ಬುಟ್ಟದೆ, ನಾಳೆನೇ ಬದಲಾಯಿಸ್ತೀನಿ" ಎಂದ ಮರಿಯಯ್ಯ. ಆಮೇಲೆ ನಗುತ್ತಾ, "ಹಾಕಿದ ತಕ್ಷಣ ಹಿಡ್ಕೊಂಬುಟ್ರಲ್ಲ. ನಿಮ್ ಕಿವಿ ತಪ್ಪಿಸ್ಕೊಂಡು ಏನ್ ಹೋಯ್ತದೆ ಬುಡಿ!" ಎಂದ.

ರುದ್ರಸ್ವಾಮಿ ಫೋನಿಟ್ಟು ಪ್ಲೇಯರಿನ ಸ್ವಿಚ್ಚು ಆರಿಸಿದ. ಲಾಸ್ಯಳ ಹುಬ್ಬಿನ ಗಂಟು ಸಡಿಲವಾಯಿತು. ಶಿಳ್ಳೆ ನಿಂತಿತೆಂದು ಅವನಿಗೆ ತಿಳಿದದ್ದು ಹಾಗೆ.

ಮುಖ ಸಣ್ಣದು ಮಾಡಿಕೊಂಡು ಹೋದ ವೆಂಕಟಸುಬ್ಬಯ್ಯನವರು ಕಣ್ಣಮುಂದೆ ಬಂದರು. ರುದ್ರಸ್ವಾಮಿಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಚಾಪೆಯ ಮೇಲೆ ಕೂತು ವೀಣೆಯನ್ನು ಎಳೆದುಕೊಂಡ.

"ಬಾಮ್ಮ, ಎದುರಿಗೆ ಕೂತ್ಕೊ. ಬೆರಳೆತ್ತು."

"ಈಗ್ಯಾಕಪ್ಪಾಜಿ? ಮೊದ್ಲು ತಿಂಡಿ..."

"ಎತ್ತಮ್ಮ."

ಅವನು ಮೇಲಿನ ಮೆಟ್ಟಿಲೊಂದನ್ನು ಒತ್ತಿ ಮೀಟಿದ. ಇಬ್ಬರ ಬೆರಳೂ ಎದ್ದವು. ಅವನಿಗೆ ನಾದ ಬೇಗ ಅಡಗಿತು, ಬೆರಳು ಇಳಿಸಿದ. ಅದೇ ಕ್ಷಣಕ್ಕೆ ಲಾಸ್ಯಳ ಬೆರಳೂ ಇಳಿಯಿತು. ಒಂದು ಗಳಿಗೆ ಅವನ ಜೀವಕ್ಕೆ ಹಾಯೆನಿಸಿತು. ಆಮೇಲೆ ಮಗಳ ಮುಖ ನೋಡಿದ. ಅವಳು ಚಾಪೆಯ ಅಂಚಿನ ದಾರ ಕೀಳುತ್ತಾ ಕೂತಿದ್ದಳು. ಅವಳು ಕಿವಿಯಿಂದ ಕೇಳಿರಲಿಲ್ಲ, ಕಣ್ಣಿನಿಂದ ಅಪ್ಪನ ಬೆರಳನ್ನು ಕಾದಿದ್ದಳು.

"ಕಣ್ಣು ಮುಚ್ಕೊ" ಎಂದ.

"ಬೇಡ ಅಪ್ಪಾಜಿ."

"ಮುಚ್ಕೊ ಕಂದ. ನನ್ನಾಣೆ, ಸುಳ್ಳು ಹೇಳ್ಬೇಡ."

ಅವಳು ಕಣ್ಣು ಮುಚ್ಚಿ ಬೆರಳೆತ್ತಿದಳು. ರುದ್ರಸ್ವಾಮಿ ಅದೇ ಮೆಟ್ಟಿಲನ್ನು ಒತ್ತಿ, ಇದ್ದಬದ್ದ ಉಸಿರನ್ನೆಲ್ಲ ಹಿಡಿದು ಮೀಟಿದ. ನಾದ ಎದ್ದಿತು, ಸಣ್ಣಗಾಯಿತು, ಇಲ್ಲವಾಯಿತು. ಅವನು ಕೈಯನ್ನು ತೊಡೆಯ ಮೇಲೆ ಇಳಿಸಿದ. ತಿಂಡಿಯ ತಟ್ಟೆ ಹಿಡಿದು ಬಂದ ಪುಟ್ಟಬಸಮ್ಮ ಇಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತಳು. ಮುಚ್ಚಿದ ರೆಪ್ಪೆಗಳ ಕೆಳಗಿನಿಂದ ಲಾಸ್ಯಳ ಕೆನ್ನೆಗೆ ನೀರು ಇಳಿಯುತ್ತಿತ್ತು. ಅವಳ ಬೆರಳು ಇನ್ನೂ ಮೇಲೇ ಇತ್ತು.