ಸಿಹಿನೀರಲ್ಲಿ ತೊಳೆದ ಹವಳ

ಈಚೆಗೆ ಕಡಲಿಂದ ಬರುವ ದೋಣಿಯನ್ನು ದಡಕ್ಕೆ ಎಳೆಯಲು ಇಬ್ಬರು ಸಾಕು. ಅಷ್ಟು ಹಗುರ. ಬಲೆ ಕೊಡವಿದರೆ ಅಂಗೈಯಗಲದ ಮೀನು ನಾಲ್ಕು, ಉಳಿದದ್ದೆಲ್ಲ ಪಾಚಿ.

ದಡದ ಮೊದಲನೇ ಮನೆಯ ದೋಣಿಯವನು ಅಂದು ಬೆಳಿಗ್ಗೆಯೂ ಹಾಗೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಅವನ ತಂಗಿ ಹವಳ ಬೆಳೆಸುವ ತಂಡದಲ್ಲಿ ಕೆಲಸ ಮಾಡುತ್ತಾಳೆ. ಅಲೆ ಕಡಿಮೆ ಇರುವ ಕಡೆ ನೀರೊಳಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಬೆರಳುದ್ದದ ಹವಳದ ತುಂಡುಗಳನ್ನು ಕಟ್ಟುತ್ತಾರೆ. ವಾರಕ್ಕೊಮ್ಮೆ ಮುಳುಗಿ ಅಲ್ಲಿ ಬೆಳೆದ ಪಾಚಿಯನ್ನು ಮೆತ್ತನೆ ಬ್ರಷ್ಷಿನಿಂದ ತೆಗೆಯುವುದು ಅವಳ ಪಾಲಿನ ಕೆಲಸ. ಅದಕ್ಕೇ ಅಣ್ಣ ಅವಳಿಗಿಟ್ಟ ಹೆಸರು 'ಕಲ್ಲಿಗೆ ಹಲ್ಲುಜ್ಜೋಳು.'

ಅಂದು ಅವಳು ಅಗಲವಾದ ಟಬ್ಬಿನಲ್ಲಿ ಕಡಲ ನೀರು ತುಂಬಿ, ಒಂದು ವರ್ಷ ಬೆಳೆಸಿದ ಇಪ್ಪತ್ತು ಹವಳಗಳನ್ನು ಮನೆಗೆ ತಂದಿದ್ದಳು. ತಂಡದ ದೋಣಿ ಕೆಟ್ಟು ನಿಂತಿತ್ತು.

"ಅಣ್ಣಾ, ಮಧ್ಯಾಹ್ನದೊಳಗೆ ಇವನ್ನ ನೆಡಬೇಕು. ಕರ್ಕೊಂಡು ಹೋಗ್ತೀಯಾ?"

"ಎಲ್ಲಿಗೆ?"

"ನೀನು ಲಂಗರು ಹಾಕ್ತೀಯಲ್ಲ, ಆ ನೀರೊಳಗಿನ ದಿಬ್ಬಕ್ಕೆ."

ಅಣ್ಣನ ಹುಬ್ಬು ಮೇಲೇರಿತು. "ಆ ಕಲ್ಲಿನ ಮೇಲಾ? ಅಪ್ಪನ ಕಾಲದಿಂದ ನಮ್ಮ ಲಂಗರು ಬೀಳೋದು ಅಲ್ಲೇ. ಈಗ ನೀನು ತೋಟ ಮಾಡಿ ಬೇಲಿ ಹಾಕ್ತೀಯಾ?"

"ಬೇಲಿ ಯಾಕೆ? ಪಕ್ಕದ ಮರಳಲ್ಲಿ ಭಾರ ಇಳಿಸಿ, ಮೇಲೊಂದು ಡ್ರಮ್ ತೇಲಿಬಿಟ್ಟಿದೀವಿ. ದೋಣಿನ ಅದಕ್ಕೆ ಕಟ್ಟು, ಸಾಕು."

"ಲಂಗರು ತಗುಲಿದ್ರೆ ಕಲ್ಲಿಗೆ ನೋವಾಗತ್ತೇನೆ?"

"ಕಲ್ಲಲ್ಲ ಅಣ್ಣಾ, ಜೀವ."

"ಜೀವ ಇದ್ರೆ ಒಂದ್ಸಲ ಕೂಗಿ ನೋಡು, ಓಗೊಡುತ್ತಾ ಕೇಳೋಣ!" ಅಂತ ಅವನು ನಕ್ಕ. "ನನಗೆ ಬಲೆ ಹೊಲಿಯೋದಿದೆ, ಹೋಗಮ್ಮ."

ತಂಗಿ ವಾದ ಮಾಡಲಿಲ್ಲ. ಟಬ್ಬನ್ನು ಜಗಲಿಯ ನೆರಳಿಗೆ ಸರಿಸಿ, ಒದ್ದೆ ಬಟ್ಟೆ ಮುಚ್ಚಿ, "ಅಮ್ಮಾ, ಬೇರೆ ದೋಣಿ ಸಿಗುತ್ತಾ ಕೇಳ್ಕೊಂಡು ಬರ್ತೀನಿ. ಇವನ್ನ ಸ್ವಲ್ಪ ನೋಡ್ಕೋ" ಅಂದು ಹೊರಟಳು.

ಅಮ್ಮ ನೋಡಿಕೊಂಡಳು. ಬಟ್ಟೆ ಸರಿಸಿದಾಗ ಕಂಡದ್ದು ಕಂದು ಬಣ್ಣದ ಕಡ್ಡಿಗಳು. ಮುಟ್ಟಿದರೆ ಕೈಗೆ ಲೋಳೆ. "ಅಯ್ಯೋ, ಮಗಳು ಇಷ್ಟು ಕಷ್ಟಪಟ್ಟು ತಂದಿದಾಳೆ, ಎಲ್ಲಾ ಕೊಳೆ ಹಿಡಿದಿದೆಯಲ್ಲ" ಅಂತ ಮರುಗಿದಳು. ಮಗ ನಲ್ಲಿಯಿಂದ ಎರಡು ಬಿಂದಿಗೆ ನೀರು ತಂದು ಸುರಿದ. ಅಮ್ಮ ಸೋಪಿನ ಪುಡಿ ಹಾಕಿ, ಸಂದಿಗೊಂದಿ ಬಿಡದೆ ತಿಕ್ಕಿ ತೊಳೆದು, ಒಂದೊಂದನ್ನೇ ಬಿಸಿಲಿಗೆ ಸಾಲಾಗಿ ಇಟ್ಟಳು.

ದೋಣಿ ಸಿಕ್ಕಿತೆಂಬ ಖುಷಿಯಲ್ಲಿ ಓಡಿಬಂದ ತಂಗಿ ಅಂಗಳದಲ್ಲೇ ನಿಂತುಬಿಟ್ಟಳು.

"ನೋಡು, ಹೇಗೆ ಹೊಳೀತಿವೆ! ಮಲ್ಲಿಗೆ ಮೊಗ್ಗಿನ ಹಾಗೆ" ಅಂದಳು ಅಮ್ಮ.

ತಂಗಿ ಕೂತು ಒಂದನ್ನು ಕೈಗೆ ತೆಗೆದುಕೊಂಡಳು. ಬೆರಳಿಂದ ಅದನ್ನು ಸವರಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅಮ್ಮಾ, ನೀನು ತೊಳೆದದ್ದು ಕೊಳೆ ಅಲ್ಲ. ಅದರ ಮೈ."

"ಮೈ ಅಂದ್ರೆ? ಇದು ಕಲ್ಲಲ್ವೇನೆ?"

"ಕಲ್ಲು ಒಳಗಿನ ಮೂಳೆ ಇದ್ದ ಹಾಗೆ. ಅದರ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಜೀವಿಗಳು ಒತ್ತೊತ್ತಾಗಿ ಕೂತಿರ್ತವೆ. ಒಂದೊಂದಕ್ಕೂ ಒಂದು ಬಾಯಿ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತೆ, ಬಿಸಿಲು ಹಿಡಿದು ಊಟ ಮಾಡಿಕೊಡುತ್ತೆ. ಆ ಕಂದು ಬಣ್ಣ ಅದರದ್ದೇ. ಕಡಲು ಬಿಸಿಯಾದ್ರೆ ಆ ಪಾಚಿ ಹೊರಟುಹೋಗುತ್ತೆ, ಹವಳ ಬೆಳ್ಳಗಾಗುತ್ತೆ. ನೀರು ಬೇಗ ತಣ್ಣಗಾದ್ರೆ ಚೇತರಿಸಿಕೊಳ್ಳಬಹುದು. ಇಲ್ಲಾಂದ್ರೆ ಹಸಿದು ಸಾಯುತ್ತೆ. ಎರಡು ಬೇಸಿಗೆ ಹಿಂದೆ ದಿಬ್ಬ ಪೂರ್ತಿ ಬೆಳ್ಳಗಾಯ್ತು. ಉಳಿದದ್ದು ಐದೇ ಗೊಂಚಲು. ಆ ಐದರಿಂದ ಚೂರು ತೆಗೆದು ಇವನ್ನ ಬೆಳೆಸಿದ್ವಿ. ಇವು ಉಪ್ಪುನೀರಲ್ಲೇ ಬದುಕೋದು, ಸಿಹಿನೀರಲ್ಲಿ ಸಾಯ್ತವೆ."

"ಸಿಹಿನೀರಿಗೇ ಸತ್ತುಹೋಗ್ತಾವಾ?" ಅಮ್ಮ ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನೋಡ್ಕೋ ಅಂದ್ಯಲ್ಲೇ, ಅದಕ್ಕೇ ತೊಳೆದೆ…"

"ಹೇಳದೇ ಹೋದದ್ದು ನನ್ನ ತಪ್ಪಮ್ಮ."

ಅಣ್ಣ ಮಾತ್ರ ಇನ್ನೂ ನಂಬಿರಲಿಲ್ಲ. ಒಂದು ಹವಳ ಎತ್ತಿಕೊಂಡ. ಅಭ್ಯಾಸಬಲ, ಏನು ಸಿಕ್ಕರೂ ಮೊದಲು ಮೂಗಿಗೆ ಹಿಡಿಯುವವನು. ಹಿಡಿದವನೇ ಮುಖ ಸಿಂಡರಿಸಿದ. ಮತ್ತೊಂದನ್ನು ಮೂಸಿದ. ತೊಳೆದ ನೀರು ಹರಿದ ಕಡೆ ನೊಣ ಮುತ್ತಿದ್ದವು.

"ಸತ್ತ ಮೀನಿನ ವಾಸನೆ" ಅಂದ. "ಕಲ್ಲು ಯಾವತ್ತೂ ನಾರೋದಿಲ್ಲ."

ಅವನು ಹವಳವನ್ನು ಮೆಲ್ಲಗೆ ಕೆಳಗಿಟ್ಟ.

"ನನ್ನ ಲಂಗರು ಬಿದ್ದಾಗೆಲ್ಲ ಹೀಗೇ ಆಗ್ತಿತ್ತಾ?"

"ಬಿದ್ದಾಗ ಒಂದಿಷ್ಟು. ಎಳೆದಾಗ ಇನ್ನಷ್ಟು" ಅಂದಳು ತಂಗಿ. "ಮರಿಮೀನು ಬಚ್ಚಿಟ್ಟುಕೊಳ್ಳೋದು ಅದರ ಸಂದಿಲೇ ಅಣ್ಣಾ. ದೊಡ್ಡ ಅಲೆ ಮೊದಲು ಒಡೆಯೋದೂ ಅಲ್ಲೇ, ಆಮೇಲೆ ನಮ್ಮ ದಡಕ್ಕೆ ಬರೋದು."

"ಹಗ್ಗದಲ್ಲಿ ಇನ್ನೆಷ್ಟಿದೆ?"

"ಮೂವತ್ತು. ನೆಟ್ಟದ್ದೆಲ್ಲಾ ಬದುಕುತ್ತೆ ಅಂತ ನಾನು ಹೇಳಲ್ಲ. ಇನ್ನೊಂದು ಬೇಸಿಗೆ ಹೆಚ್ಚು ಕಾದ್ರೆ ಅವೂ ಹೋಗಬಹುದು. ಆದ್ರೆ ನೆಡದಿದ್ರೆ, ಅಲ್ಲಿ ಬರೀ ಪುಡಿಗಲ್ಲು."

ಅಣ್ಣ ಎದ್ದು ಅರ್ಧ ಹೊಲಿದ ಬಲೆಯನ್ನು ಗೋಡೆಗೆ ನೇತುಹಾಕಿದ. "ನಾಳೆ ನನ್ನ ದೋಣೀಲಿ ಹೋಗೋಣ. ಆ ಡ್ರಮ್ ಎಲ್ಲಿದೆ ತೋರಿಸು."

ಮರುದಿನ ಬೆಳಿಗ್ಗೆ ಕಡಲು ಹಾಲು ಹರಡಿದಂತೆ ಶಾಂತವಾಗಿತ್ತು. ಅಣ್ಣ ದೋಣಿಯನ್ನು ಡ್ರಮ್ಮಿಗೆ ಕಟ್ಟಿದ. ಎಷ್ಟು ಬೇಡವೆಂದರೂ ಕೇಳದೆ ಅಮ್ಮನೂ ಬಂದಿದ್ದಳು. ಹಗ್ಗದಿಂದ ಬಿಚ್ಚಿ ತಂದ ಹವಳದ ಟಬ್ಬು ಅವಳ ಎರಡು ಕಾಲುಗಳ ನಡುವೆ. ಆಗಾಗ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, "ಉಪ್ಪಿದೆ, ಉಪ್ಪಿದೆ" ಅನ್ನುತ್ತಿದ್ದಳು. ಮಗಳು ಮುಳುಗುವ ಮುಂಚೆ ಒಂದೊಂದನ್ನೇ ಎರಡು ಕೈಯಲ್ಲಿ ಎತ್ತಿ ಕೊಟ್ಟಳು, ಹಸುಗೂಸನ್ನು ಎತ್ತಿಕೊಟ್ಟ ಹಾಗೆ.

ಕಡಲ ದಡದ ಅಣ್ಣಂದಿರೇ, ಅಕ್ಕಂದಿರೇ, ಹವಳದ ದಿಬ್ಬ ಕಲ್ಲಲ್ಲ, ಉಸಿರಾಡುವ ಜೀವ. ಅದರ ಮೇಲೆ ಕಾಲಿಡಬೇಡಿ, ಮುರಿದು ಮನೆಗೆ ತರಬೇಡಿ, ಹರಿದ ಬಲೆಯನ್ನು ಅಲ್ಲಿ ಬಿಡಬೇಡಿ. ಅದು ಬೆಳ್ಳಗಾಗುತ್ತಿರುವುದು ಕಂಡರೆ ಹವಳ ಬೆಳೆಸುವವರಿಗೆ ಕೂಡಲೇ ತಿಳಿಸಿ. ನೆಡುವ ಆಸೆಯಿದ್ದರೆ ಅವರ ಜೊತೆ ಸೇರಿ ಕಲಿತು ನೆಡಿ, ನೀವೇ ತುಂಡು ಮಾಡಲು ಹೋಗಬೇಡಿ. ಮತ್ತು ಇವತ್ತೇ ನಿಮ್ಮೂರಿನ ದೋಣಿಯವರೆಲ್ಲ ಒಂದು ಕಡೆ ಕೂತು, ಲಂಗರು ಎಲ್ಲಿ ಇಳಿಸಬಾರದು ಎಂಬುದನ್ನು ಮಾತಾಡಿಕೊಳ್ಳಿ. ಅರ್ಧ ಗಂಟೆಯ ಮಾತು. ನಾಳೆ ಬೆಳಿಗ್ಗೆ ಮೊದಲ ದೋಣಿ ನೀರಿಗಿಳಿಯುವುದರೊಳಗೆ ಅದು ಆಗಲಿ.