ಕಪ್ಪು ಬಳಿದ ತಲೆ

"ಬಾಯಿ ತೆಗಿಯೋ, ಬೋಳಿಮಗನೆ. ಹಲ್ಲು ನೋಡ್ಬೇಕು."

ಮುದುಕ ಬಾಯಿ ತೆರೆದ. ಮೇಸ್ತ್ರಿ ಲಾರಿಯಿಂದ ಕೆಳಗಿಳಿಯುವ ಪೈಕಿಯಲ್ಲ. ಬೆಳಿಗ್ಗೆ ರಸ್ತೆ ಕೂಡುವಲ್ಲಿ ಲಾರಿ ನಿಲ್ಲಿಸಿ, ಸಾಲಾಗಿ ನಿಂತ ಕೂಲಿಯವರನ್ನು ಮೇಲಿನಿಂದಲೇ ನೋಡಿ ಆರಿಸುತ್ತಿದ್ದ. ಒಂದೇ ನೋಟಕ್ಕೆ ಆಳಿನ ಯೋಗ್ಯತೆ ಹೇಳಿಬಿಡುತ್ತೇನೆಂಬ ಜಂಬ ಅವನದು. ನರೆತ ತಲೆ ಕಂಡರೆ, "ಹೋಗಿ ಮೊಮ್ಮಕ್ಕಳ ಮೂಗು ಒರೆಸು" ಎಂದು ಅಟ್ಟುತ್ತಿದ್ದ. ಹಾಗೆ ಅಟ್ಟಿಸಿಕೊಂಡು ಅಟ್ಟಿಸಿಕೊಂಡು ಮುದುಕನ ಮನೆಯ ಒಲೆ ತಣ್ಣಗಾಗಿತ್ತು. ಅದಕ್ಕೇ ಇವತ್ತು ತಲೆಗೆ ಬೂಟು ಪಾಲೀಷು ಬಳಿದುಕೊಂಡು ಬಂದಿದ್ದ. ಬಳಿದವಳು ಪಕ್ಕದಲ್ಲೇ ನಿಂತಿದ್ದ ಮಗಳು.

"ಗಟ್ಟಿ ಆಳು. ಹತ್ತೋ. ಆ ಗಂಟುಮೋರೆಯವಳೂ ಹತ್ಲಿ, ಇಟ್ಟಿಗೆ ಹೊರೋಕಾಗುತ್ತೆ."

ಲಾರಿಯಲ್ಲಿ ಅಪ್ಪ ಮಗಳ ಕಿವಿಯಲ್ಲಿ ಪಿಸುಗುಟ್ಟಿದ: "ಇನ್ನು ನಂಗೊಂದು ಹೆಣ್ಣು ನೋಡು ಮಗಾ."

"ಸುಮ್ನಿರಪ್ಪಾ" ಎಂದಳು. ನಗು ತಡೆಯಲಾಗಲಿಲ್ಲ.

ಇಬ್ಬರೂ ಲಾರಿ ಹತ್ತುವುದನ್ನಷ್ಟೇ ಯೋಚಿಸಿದ್ದರು. ಹರೆಯದವರಿಗೆ ಎತ್ತರದ ಕೆಲಸ ಎಂಬುದು ತಲೆಗೇ ಹೊಳೆದಿರಲಿಲ್ಲ. ಕೆಲಸದ ಜಾಗದಲ್ಲಿ ಎತ್ತರದ ಗೋಡೆಗೆ ಬೊಂಬಿನ ಸಾರವೆ ಕಟ್ಟಿತ್ತು. "ಕರಿತಲೆ, ನೀನು ಮೇಲಕ್ಕೆ" ಎಂದ ಮೇಸ್ತ್ರಿ. ಅಪ್ಪ ಏಣಿ ಹತ್ತಿ ಸಾರವೆಯ ಹಲಗೆಯ ಮೇಲೆ ನಿಂತ. ಎತ್ತರದಲ್ಲಿ ಅವನಿಗೆ ತಲೆಸುತ್ತು ಬರುವುದು ಮಗಳಿಗೆ ಗೊತ್ತು. ಬಾಯಿಬಿಟ್ಟರೆ ಇಬ್ಬರನ್ನೂ ಓಡಿಸುತ್ತಾನೆ. ತುಟಿ ಕಚ್ಚಿಕೊಂಡು ಇಟ್ಟಿಗೆ ಹೊತ್ತಳು. ಹೊರೆ ಇಳಿಸಿದಾಗಲೆಲ್ಲ ಕತ್ತೆತ್ತಿ ಮೇಲೆ ನೋಡುತ್ತಿದ್ದಳು.

ಬಿಸಿಲೇರಿದಾಗ ಪಾಲೀಷು ಕರಗಿತು. ಹಣೆ, ಕೆನ್ನೆ, ಕತ್ತು ಎಲ್ಲೆಲ್ಲೂ ಕಪ್ಪು ನೀರು. ಒಂದು ಹನಿ ಕೆಳಗೆ ನಿಂತಿದ್ದ ಮೇಸ್ತ್ರಿಯ ಬಿಳಿ ಅಂಗಿಯ ಮೇಲೆ ಬಿತ್ತು. ಅವನು ತಲೆ ಎತ್ತಿ ನೋಡಿದ.

"ಥೂ, ಮುದಿ ಗೂಬೆ! ನನ್ನ ಕಣ್ಣಿಗೇ ಮಣ್ಣೆರಚಿದ್ಯೇನೋ?"

ಆಳುಗಳು ಕಿಸಕ್ಕನೆ ನಕ್ಕರು. ಅವರು ನಕ್ಕಿದ್ದು ತನ್ನನ್ನು ನೋಡಿ ಎಂದು ಮೇಸ್ತ್ರಿಗೆ ಅರ್ಥವಾಯಿತು. ಗೋಡೆಗೊರಗಿಸಿದ್ದ ಏಣಿ ಎಳೆದು ನೆಲಕ್ಕೆ ಹಾಕಿ ಅದರ ಮೇಲೇ ಕೂತ.

"ಹರೆಯದವನಲ್ವಾ? ಹಾರಿ ಬಾ."

"ಸಾರ್, ಕಣ್ಣು ಉರೀತಿದೆ... ಏನೂ ಕಾಣ್ತಿಲ್ಲ" ಎಂದು ಅಪ್ಪ ಮೇಲಿನಿಂದ ಕೂಗಿದ.

ಮಗಳು ಓಡಿಬಂದು ಮೇಸ್ತ್ರಿಯ ಕಾಲು ಹಿಡಿದಳು. "ನಾನೇ ಬಳಿದಿದ್ದು ಸಾರ್. ಹೊಡಿಯೋದಾದ್ರೆ ನನ್ನ ಹೊಡೀರಿ. ಏಣಿ ಇಡಿ."

ಅವನು ಕಾಲು ಝಾಡಿಸಿದ. "ನಿಮ್ಮ ಮೋರೆ ನೋಡ್ದಾಗ್ಲೇ ಗೊತ್ತಿತ್ತು, ಕಳ್ಳ ಮುಂಡೇವು ಅಂತ."

"ಗೊತ್ತಿದ್ರೆ ಮೇಲೆ ಯಾಕೋ ಹತ್ತಿಸ್ದೆ?" ಇಟ್ಟಿಗೆ ಹೊರುವ ಹೆಂಗಸೊಬ್ಬಳು ಹಿಂದಿನಿಂದ ಕೇಳಿದಳು.

ಈಗ ಯಾರೂ ನಗಲಿಲ್ಲ. ಹೆಂಗಸರು ತಲೆಯ ಮೇಲಿನ ಹೊರೆ ಇಳಿಸಿ ಒಬ್ಬೊಬ್ಬರಾಗಿ ಹತ್ತಿರ ಬಂದರು. ಮಗಳು ಎದ್ದು ನಿಂತಳು. ಹುಟ್ಟಿದಾಗಿನಿಂದ ಯಾವ ಧಣಿಗೂ ಆಡದ ಮಾತು ಅವಳ ಬಾಯಿಂದ ಬಂತು.

"ಎದ್ದೇಳೋ."

ಮೇಸ್ತ್ರಿ ಕದಲಲಿಲ್ಲ.

"ಮಗಾ, ಏಣಿ ಇಟ್ರಾ?" ಅಪ್ಪ ಕಣ್ಣು ಮುಚ್ಚಿಕೊಂಡೇ ಹಲಗೆಯಾಚೆ ಒಂದು ಕಾಲು ಇಳಿಬಿಟ್ಟು ಗಾಳಿಯಲ್ಲಿ ಮೆಟ್ಟಿಲು ತಡಕಾಡುತ್ತಿದ್ದ.

"ಇಳೀಬೇಡಪ್ಪಾ!" ಎಂದು ಕೂಗಿ ಮಗಳು ಬಗ್ಗಿ ಇಟ್ಟಿಗೆ ಎತ್ತಿಕೊಂಡು ಮೇಸ್ತ್ರಿಯತ್ತ ತಿರುಗಿದಳು.